ಬಿಸಿಲ ಮಗ್ಗುಲಿನ ಕೆಸರು

ಗುಡ್ಡದ ಸೈಕಲ್ ಜಾಡಿನ ಬೀಗದಕೈ ಮಾವನ ಹತ್ತಿರ ಇರುತ್ತಿತ್ತು. ಬಸ್ ಓಡಿಸಿ ನಿವೃತ್ತರಾದ ಮೇಲೆ ಸೈಕಲ್ ಸಂಘದವರು ಜಾಡಿನ ಉಸ್ತುವಾರಿಯನ್ನು ಅವರಿಗೇ ವಹಿಸಿದ್ದರು. ಮಳೆ ಬಂತೆಂದರೆ ಗುಡ್ಡದ ಬುಡದಲ್ಲಿ ಸರಪಳಿ ಬಿಗಿಯುತ್ತಿದ್ದರು. ನೆಲ ಒಣಗುವ ತನಕ ಯಾರ ಚಕ್ರವೂ ಮೇಲೆ ಹತ್ತುವಂತಿಲ್ಲ. ಹಸಿ ನೆಲದಲ್ಲಿ ಒಂದು ಸೈಕಲ್ ಹೋದರೂ ಗೀರು ಬೀಳುತ್ತದೆ, ಮುಂದಿನ ಮಳೆಗೆ ಆ ಗೀರೇ ಕಾಲುವೆಯಾಗುತ್ತದೆ ಎಂಬುದನ್ನು ಅವರ ಬಾಯಿಂದ ಕೇಳಿ ಕೇಳಿ ಮನೆಯವರೆಲ್ಲರ ಕಿವಿ ತೂತಾಗಿತ್ತು.

ಮಳೆ ಬಿಟ್ಟು ಕೆಲವು ದಿನವಾಗಿತ್ತು. ಆ ಭಾನುವಾರ ಮಾವನ ಮಂಡಿ ಹಿಡಿದುಕೊಂಡಿತ್ತು. ಇಬ್ಬರು ಸೊಸೆಯರನ್ನೂ ಕರೆದರು. ಹಿರಿಯವಳು ಬೇಕರಿ ನಡೆಸುತ್ತಿದ್ದಳು, ಕಿರಿಯವಳು ಹಲ್ಲಿನ ಡಾಕ್ಟರು. ಇಬ್ಬರಿಗೂ ಸೈಕಲ್ ಹುಚ್ಚು. ಒಬ್ಬಳು ಏರಿದ ದಿಣ್ಣೆಯನ್ನು ಇನ್ನೊಬ್ಬಳು ಏರದಿದ್ದರೆ ಊಟ ಸೇರುತ್ತಿರಲಿಲ್ಲ.

"ಒಬ್ಬೊಬ್ಬರು ಒಂದೊಂದು ಮಗ್ಗುಲು ನೋಡ್ಕೊಂಡು ಬನ್ನಿ. ನಡ್ಕೊಂಡು ಹೋಗಿ, ಸೈಕಲ್ ಮುಟ್ಟಬೇಡಿ. ಹಿಮ್ಮಡಿ ಊರಿ ನೋಡಿ, ಗುರುತು ಮೂಡಿದ್ರೆ ಸರಪಳಿ ತೆಗೆಯೋದು ಬೇಡ," ಎಂದರು ಮಾವ.

"ಆಗಲಿ ಮಾವ," ಎಂದು ಇಬ್ಬರೂ ತಲೆಯಾಡಿಸಿದರು. ಆಮೇಲೆ ಹಿತ್ತಲ ಬಾಗಿಲಿಂದ ಸೈಕಲ್‌ಗಳನ್ನು ಸದ್ದಿಲ್ಲದೆ ಹೊರಗೆ ತಳ್ಳಿಕೊಂಡು ಹೋದರು.

ಗುಡ್ಡದ ಒಂದು ಮಗ್ಗುಲಿಗೆ ಬೆಳಗಿನಿಂದ ಸಂಜೆಯವರೆಗೆ ಬಿಸಿಲು. ಇನ್ನೊಂದು ಮಗ್ಗುಲಲ್ಲಿ ನೆತ್ತಿ ಮೇಲೆ ಸೂರ್ಯ ಬಂದರೂ ನೆಲ ಕಾಣದಷ್ಟು ಮರ. ಎರಡು ಜಾಡೂ ತುದಿಯಲ್ಲಿ ಒಂದು ಬೋಳು ಬಂಡೆಯ ಬಳಿ ಸೇರುತ್ತಿದ್ದವು. ಸರಪಳಿಯ ಹತ್ತಿರ ನಿಂತು ಹಿರಿಯವಳು ಬೆಣ್ಣೆಯಂಥ ದನಿ ತೆಗೆದಳು.

"ನೀನು ನೆರಳಲ್ಲಿ ಹೋಗು ಕಣೇ. ಈ ಬಿಸಿಲಿಗೆ ನಿನ್ನ ಮುಖ ಬಾಡಿಹೋಗುತ್ತೆ."

"ಅಯ್ಯೋ, ನನ್ನ ಮೇಲೆ ಎಷ್ಟು ಅಕ್ಕರೆ ಅಕ್ಕ ನಿಮಗೆ! ಮೊದಲು ಬಂಡೆ ಮುಟ್ಟಿದವರು ಗೆದ್ದ ಹಾಗೆ. ಸೋತವರು ವಾರವಿಡೀ ಎಲ್ಲರ ಪಾತ್ರೆ ತೊಳೀಬೇಕು. ಆಗಬಹುದಾ?"

"ಯಾಕಾಗಬಾರದು!"

ಹಿರಿಯವಳಿಗೆ ಹೊಟ್ಟೆಯಲ್ಲಿ ಹಾಲು ಹುಯ್ದಂತಾಯಿತು. ನೆರಳೆಂದರೆ ತೇವ, ತೇವವೆಂದರೆ ಕೆಸರು. ಈ ಹುಡುಗಿ ಸೊಂಟದವರೆಗೆ ಹೂತು ಕೂಗುವಾಗ ತಾನು ಬಂಡೆಯ ಮೇಲೆ ಕಾಲು ಚಾಚಿ ಕೂತಿರುತ್ತೇನೆ ಎಂದುಕೊಂಡು ಪೆಡಲ್ ತುಳಿದಳು.

ಮೊದಲ ಏರು ರೊಟ್ಟಿಗೆ ಕಾಯಿಸಿದ ಹೆಂಚಿನಂತೆ ಒಣಗಿತ್ತು. ಏರು ಮುಗಿದು ತಟ್ಟೆಯಂಥ ಸಮತಟ್ಟು ಸಿಕ್ಕಿತು. ಅಲ್ಲಿಯೂ ನೆಲ ಬೆಳ್ಳಗೆ, ಸಣ್ಣಗೆ ಬಿರುಕು ಬಿಟ್ಟುಕೊಂಡು ಸಾಧುವಾಗಿ ಮಲಗಿತ್ತು. ಅವಳು ಹಾಡು ಗುನುಗುತ್ತ ನಡುಭಾಗಕ್ಕೆ ಬಂದಳು. ಪಚಕ್ ಎಂದಿತು.

ಮೇಲೆ ಕೆಂಪಗೆ ಬೆಂದು ಒಳಗೆ ಹಿಟ್ಟಾಗಿಯೇ ಉಳಿದ ಬ್ರೆಡ್ಡನ್ನು ಅವಳು ಎಷ್ಟು ಸಲ ಕಂಡಿರಲಿಲ್ಲ! ಬಿಸಿಲು ಮೇಲ್ಪದರವನ್ನಷ್ಟೇ ಒಣಗಿಸಿತ್ತು. ಅಡಿಯಲ್ಲಿ ಜೇಡಿಮಣ್ಣು, ಇಳಿಜಾರಿಲ್ಲದೆ ನೀರು ಹರಿದುಹೋಗಲು ದಾರಿಯೂ ಇಲ್ಲದೆ ಕಾಯುತ್ತ ಕೂತಿತ್ತು. ಇಳಿದು ತಳ್ಳಿದರೆ ಚಕ್ರಕ್ಕೆ ಮಣ್ಣು ಮೆತ್ತಿ ಮೆತ್ತಿ ಸೈಕಲ್ಲು ಎಮ್ಮೆಕರುವಿನಷ್ಟು ಭಾರವಾಯಿತು. ಎಳೆದರೆ ಕಾಲು ಹೂತಿತು, ಕಾಲು ಕಿತ್ತರೆ ಸೈಕಲ್ ಹೂತಿತು.

"ಅಕ್ಕಾ, ಬಿಸಿಲು ಹೇಗಿದೆ?"

ತಲೆಯೆತ್ತಿದರೆ ಕಿರಿಯವಳು ತುದಿಯ ಕಡೆಯಿಂದ ನಡೆದು ಬರುತ್ತಿದ್ದಳು. ಶೂ ಕೂಡ ಬೆಳ್ಳಗಿತ್ತು.

"ನೀನು ಹೇಗೆ ಬಂದೆ? ಅಲ್ಲಿ ಕೆಸರಿಲ್ವಾ?"

"ಅಲ್ಲಿ ಬರೀ ಗರಸು ಮಣ್ಣು ಅಕ್ಕ, ಮೇಲಾಗಿ ಕಡಿದಾದ ಇಳಿಜಾರು. ಬಿದ್ದ ನೀರೆಲ್ಲ ಆವತ್ತೇ ಹರಿದುಹೋಗಿದೆ. ಬಂಡೆ ಮುಟ್ಟಿ, ಕಾದು ಕಾದು ಬೇಜಾರಾಗಿ ನಿಮ್ಮನ್ನ ಹುಡುಕ್ಕೊಂಡು ಬಂದೆ."

ಆದರೆ ಅವಳು ಹತ್ತಿರ ಬರುವಾಗ ಏಡಿಯ ಹಾಗೆ ಅಡ್ಡಡ್ಡ ನಡೆಯುತ್ತಿದ್ದುದು ಹಿರಿಯವಳ ಕಣ್ಣಿಗೆ ಬಿತ್ತು.

"ಸ್ವಲ್ಪ ಆ ಕಡೆ ತಿರುಗೇ."

"ಯಾಕೆ ಅಕ್ಕ?"

"ತಿರುಗು ಅಂದೆ."

ತಿರುಗಿದಳು. ಬೆನ್ನಿನಿಂದ ತೊಡೆಯವರೆಗೆ ಕೊಳೆತ ಎಲೆ, ಪಾಚಿ, ಒಂದು ಬಸವನಹುಳು. ನೆರಳಲ್ಲಿ ಮಣ್ಣು ಒಣಗಿದ್ದರೂ ಬೇರುಗಳು ಒಣಗಿರಲಿಲ್ಲ. ಇಬ್ಬರೂ ಹೊಟ್ಟೆ ಹಿಡಿದು ನಕ್ಕರು. ನಗುತ್ತ ನಗುತ್ತ ಹಿರಿಯವಳ ಇನ್ನೊಂದು ಕಾಲೂ ಹೂತಿತು.

"ನೀವು ನನ್ನ ಬೆನ್ನು ನೋಡಿಲ್ಲ, ನಾನು ನಿಮ್ಮ ಸೈಕಲ್ ನೋಡಿಲ್ಲ," ಎಂದಳು ಕಿರಿಯವಳು ಕೈ ಹಿಡಿದೆಳೆಯುತ್ತ.

"ಹಾಗಾದ್ರೆ ಪಾತ್ರೆ?"

"ಪಾತ್ರೆ ಪಾತ್ರೆನೇ."

ಮನೆಯಲ್ಲಿ ಮಾವನಿಗೆ, ಜಾಡು ಇನ್ನೂ ಹಸಿ, ಸರಪಳಿ ಇರಲಿ ಎಂದು ವರದಿಯೊಪ್ಪಿಸಿದರು. ನಡೆದುಕೊಂಡೇ ಹೋದಿರಾ ಎಂದದ್ದಕ್ಕೆ ಇಬ್ಬರೂ ಒಂದೇ ಉಸಿರಿಗೆ ಹೌದೆಂದರು.

ಮಂಡಿ ಸರಿಹೋದ ಮೇಲೆ ಮಾವ ತಾವೇ ಗುಡ್ಡ ಹತ್ತಿ ಬಂದರು. ಮರುದಿನ ಇಬ್ಬರ ಕೈಗೂ ಒಂದೊಂದು ಗುದ್ದಲಿ ಕೊಟ್ಟು ಜೊತೆಗೆ ಕರೆದೊಯ್ದರು.

"ಯಾರೋ ಕಳ್ಳರು ನುಗ್ಗಿದ್ದಾರೆ. ಗೀರು ನೋಡಿ, ಹೆಬ್ಬಾವು ಮಲಗಿದ ಹಾಗಿದೆ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ ಹಿರಿಯವಳು ಹೆಗಲ ಮೇಲೆ ಇಲ್ಲದ ಸೆರಗನ್ನು ಸುಮ್ಮನೆ ಸರಿಮಾಡಿಕೊಂಡಳು. ಕಿರಿಯವಳು ಬಗ್ಗಿ ಗೀರಿನ ಆಳಕ್ಕೆ ಬೆರಳಿಟ್ಟಳು.

"ಒಳ್ಳೇ ತೂಕದ ಕಳ್ಳ ಮಾವ. ದಿನಾ ಕೇಕ್ ತಿನ್ನೋ ಆಸಾಮಿ ಇರಬೇಕು."

ಹಿರಿಯವಳು ಹಲ್ಲು ಕಚ್ಚಿ ಅಗೆದಳು. ಮಾವ ತಟ್ಟೆಯಂಥ ಆ ಸಮತಟ್ಟಿನ ಅಂಚನ್ನು ತೋರಿಸಿ, ಇಲ್ಲಿಂದ ಓರೆಯಾಗಿ ತೋಡಿದರೆ ನೀರು ಕೆಳಗಿಳಿಯುತ್ತದೆ ಎಂದರು. ಆಮೇಲೆ ಕೆಮ್ಮಿ ಗಂಟಲು ಸರಿಮಾಡಿಕೊಂಡರು.

"ನೆರಳ ಕಡೆನೂ ಒಬ್ಬ ಬಂದಿದ್ದ. ಬೇರಿನ ಮೇಲೆ ಜಾರಿ ಅಂಡೂರಿ ಕೂತಿದ್ದಾನೆ."

"ಅವನಿಗೆ ಸೈಕಲ್ ಬಿಡೋಕೇ ಬರಲ್ಲ ಅನ್ಸುತ್ತೆ ಮಾವ," ಎಂದಳು ಹಿರಿಯವಳು ತಕ್ಷಣ.

ಮಾವ ಕಲ್ಲಿನ ಮೇಲೆ ಕೂತು ಬೆವರೊರೆಸಿಕೊಂಡರು. "ಸಿಕ್ಕಿದ್ರೆ ಏನು ಶಿಕ್ಷೆ ಕೊಡೋಣ?"

"ಪಾಪ, ಬಿಟ್ಟುಬಿಡಿ ಮಾವ," ಎಂದರು ಇಬ್ಬರೂ ಒಟ್ಟಿಗೆ.

"ಬಿಟ್ಟೆ. ಅಗೀರಿ."