ತಿರುಪ್ತಿ ಚವುರ

"ಅರಚ್ಕೋಬೇಡ್ವೇ ಲೌಡಿ! ಗಂಡನ ಮಗ್ಗುಲಿಗೆ ಹೋಗುವಾಗಲೂ ಹಿಂಗೇ ಅರಚ್ಕೊಂಡ್ಯಾ?"

ನರ್ಸಮ್ಮ ಚಿಕ್ಕಮಾದಮ್ಮನ ತೊಡೆಗೆ ಫಟಾರನೆ ಬಾರಿಸಿದಳು. ಮಗುವಿನ ನೆತ್ತಿ ಆಗಲೇ ಕಾಣುತ್ತಿತ್ತು. ಆಸ್ಪತ್ರೆಯ ಹಿಂದಿನ ಜಗಲಿ, ಕೆಳಗೊಂದು ಈಚಲು ಚಾಪೆ. ಒಳಗೆ ಕಬ್ಬಿಣದ ಮಂಚಗಳಿದ್ದವು, ಎತ್ತರದ ಹೆರಿಗೆ ಮೇಜಿತ್ತು. ಅವು ಹೊಲಗೇರಿಯವರಿಗಲ್ಲ. ಮದ್ದೂರಿನ ಅಕ್ಕಿ ಗಿರಣಿ ಸಾಹುಕಾರರು ಹೆತ್ತ ತಾಯಿಯ ಹೆಸರಿನಲ್ಲಿ ಕಟ್ಟಿಸಿದ ಧರ್ಮದಾಸ್ಪತ್ರೆ ಅದು. ಅವರ ಧರ್ಮ ಹಿತ್ತಲ ಜಗಲಿಗೆ ಬರುವಷ್ಟರಲ್ಲಿ ಬಡಕಲಾಗಿರುತ್ತಿತ್ತು.

ಅಷ್ಟರಲ್ಲಿ ಮುಂಬಾಗಿಲಲ್ಲಿ ಜಟಕಾ ನಿಂತಿತು. ಸಾಹುಕಾರರ ತಮ್ಮನ ಮಗಳಿಗೆ ನೋವು ಶುರುವಾಗಿತ್ತು. ನರ್ಸಮ್ಮ ಕೈ ಒರೆಸಿಕೊಂಡು ಎದ್ದೇಬಿಟ್ಟಳು.

"ತಡ್ಕೊಂಡಿರು, ಬಂದೆ."

ತಡೆದುಕೊಳ್ಳುವುದಕ್ಕೆ ಅದೇನು ಉಚ್ಚೆಯೇ? ಪಕ್ಕದ ಚಾಪೆಯ ಮೇಲೆ ತನ್ನ ನೋವು ತಾನು ತಿನ್ನುತ್ತಿದ್ದ ಮಹಬೂಬ್ ಬೀ, ಊರಲ್ಲಿ ಜಟಕಾ ಹೊಡೆಯುವ ಸಾಬಿಯ ಹೆಂಡತಿ, ತುಂಬಿದ ಹೊಟ್ಟೆ ಹೊತ್ತು ತೆವಳಿಕೊಂಡು ಬಂದಳು. ಕೂಸನ್ನು ಹಿಡಿದದ್ದು ಅವಳ ಕೈ. ಹೆಣ್ಣು ಕೂಸು. ಬಳ್ಳಿ ಕತ್ತರಿಸುವುದಕ್ಕೆ ಏನೂ ಸಿಗದೆ ಇಬ್ಬರೂ ಹಾಗೇ ಕೂತರು. ಗಂಟೆ ಕಳೆದ ಮೇಲೆ ಬಂದ ನರ್ಸಮ್ಮ ಬಳ್ಳಿ ಕತ್ತರಿಸಿ, ಬಗ್ಗಿ ನೋಡಿ ಮೂಗು ಮುಚ್ಚಿಕೊಂಡಳು.

"ಕೆಳಗಿನ ತನಕ ಹರ್ಕೊಂಡಿದ್ದೀಯ. ಹೊಲಿಗೆ ಹಾಕ್ಬೇಕು. ದಾರ ಇಲ್ಲ, ಯುದ್ಧ ಅಲ್ವಾ? ನಾಳೆ ನೋಡೋಣ."

ನಾಳೆ ಹೋಗಿ ನಾಡಿದ್ದಾಯಿತು, ನಾಡಿದ್ದು ಹೋಗಿ ನಾಲ್ಕನೇ ದಿನ ಬಂತು. ಯುದ್ಧ ಎಲ್ಲೋ ಬರ್ಮಾದ ಕಡೆ ನಡೆಯುತ್ತಿತ್ತಂತೆ. ಅದಕ್ಕೂ ತನ್ನ ಹೊಲಿಗೆಗೂ ಏನು ನಂಟೋ ಚಿಕ್ಕಮಾದಮ್ಮನಿಗೆ ತಿಳಿಯಲಿಲ್ಲ. ಅಷ್ಟರಲ್ಲಿ ಮಹಬೂಬ್ ಬೀಯೂ ಹೆತ್ತಿದ್ದಳು. ಒಳಗಿನ ಸುದ್ದಿಯನ್ನು ಆಯಾಳ ಬಾಯಿಂದ ಹೊರಡಿಸಿಕೊಂಡು ಬಂದವಳೂ ಅವಳೇ.

"ಒಳಗಿನ ಸಾಹುಕಾರ್ತಿಗೆ ಅವತ್ತೇ ಏಳು ಹೊಲಿಗೆ ಬಿದ್ದಿದೆ ಕಣಮ್ಮ. ಅವಳಿಗೆಲ್ಲಿಂದ ಬಂತು ದಾರ? ಅಲ್ಲಾ ಇಳಿಸಿದ್ನಾ?"

ಚಿಕ್ಕಮಾದಮ್ಮ ಕೂಸನ್ನು ಎದೆಗೆ ಎಳೆದುಕೊಂಡಳು. ಮೊದಲಿನ ಎರಡು ಕೂಸುಗಳು ಹಟ್ಟಿಯಲ್ಲೇ ಹುಟ್ಟಿ ಹಟ್ಟಿಯಲ್ಲೇ ಮಣ್ಣಾಗಿದ್ದವು. ಇದೊಂದಾದರೂ ಉಳಿಯಲಿ ಎಂದು ಚಿಕ್ಕರಸಿನಕೆರೆಯ ಕಡೆಯಿಂದ ಗಾಡಿಯಲ್ಲಿ ಬಂದಿದ್ದಳು. ಕೂಸು ಉಳಿದಿತ್ತು. ಅವಳಿಗೆ ಮಾತ್ರ ಕೂರಲೂ ಆಗುತ್ತಿರಲಿಲ್ಲ, ನಿಲ್ಲಲೂ ಆಗುತ್ತಿರಲಿಲ್ಲ. ಊರಿಗೆ ಹೋದರೆ ಸಾಹುಕಾರರ ಗದ್ದೆಯಲ್ಲಿ ನಾಟಿ ಕಾಯುತ್ತಿತ್ತು. ಹಟ್ಟಿಯ ಚಲುವಮ್ಮ ಹೀಗೇ ಹರಿದುಕೊಂಡು ಕೆಸರಿಗೆ ಇಳಿದವಳು. ಹೇಲುಚ್ಚೆ ನಿಲ್ಲದೆ ನಾತ ಹೊಡೆದು, ಕಟ್ಟಿಕೊಂಡ ಗಂಡನೇ ಅವಳನ್ನು ಕೊಟ್ಟಿಗೆಗೆ ದಬ್ಬಿದ್ದ. ಹೊಲಿಗೆ ಬೀಳದೆ ಇಲ್ಲಿಂದ ಎದ್ದರೆ ತನಗೂ ಕೊಟ್ಟಿಗೆಯೇ ಗತಿ ಎಂದು ಅವಳಿಗೆ ಗೊತ್ತಿತ್ತು.

ಅವತ್ತು ಮಧ್ಯಾಹ್ನ ಆಸ್ಪತ್ರೆಯ ರೈಟರ್ ಪುಟ್ಟಸ್ವಾಮಿ ದಪ್ಪ ಪುಸ್ತಕ ಹಿಡಿದು ಬಂದ. ಮುಟ್ಟಬಾರದಲ್ಲ, ರೂಲುದೊಣ್ಣೆಯಿಂದ ಮಸಿಯ ಡಬ್ಬಿಯನ್ನು ಅವಳ ಕಡೆಗೆ ತಳ್ಳಿದ.

"ಜಿಲ್ಲಾ ಡಾಕ್ಟರು ಈ ಪುಸ್ತಕ ನೋಡೋಕೆ ಬರ್ತಿದಾರೆ. ಹೆಬ್ಬೆಟ್ಟು ಒತ್ತಿ ಜಾಗ ಖಾಲಿ ಮಾಡು. ಇಲ್ಲಿ ನಿನಗೆ ತೃಪ್ತಿ ಆಯ್ತು ಅಂತ ಬರೆದಿದೀನಿ."

ಚಿಕ್ಕಮಾದಮ್ಮ ಕಣ್ಣು ಕಣ್ಣು ಬಿಟ್ಟಳು. "ತಿರುಪ್ತಿನಾ? ನಾನ್ಯಾವಾಗ ಓಗಿದ್ದೆ ಸೋಮಿ ತಿರುಪ್ತಿಗೆ? ಮದ್ದೂರ್ ಬುಟ್ಟು ಆಚೆ ಕಾಲಿಕ್ಕಿಲ್ಲ ನಾನು."

ಪುಟ್ಟಸ್ವಾಮಿ ಹೊಟ್ಟೆ ಹಿಡಿದುಕೊಂಡು ನಕ್ಕ. ಬಾಗಿಲಲ್ಲಿದ್ದ ನರ್ಸಮ್ಮನೂ ನಕ್ಕಳು. "ತಿಮ್ಮಪ್ಪನ ತಿರುಪ್ತಿ ಅಲ್ವೇ, ದಡ್ಡಿ! ತೃಪ್ತಿ, ತೃಪ್ತಿ! ಅಂದ್ರೆ, ಚೆನ್ನಾಗಿ ನೋಡ್ಕೊಂಡ್ರು, ಮನಸ್ಸು ತುಂಬ್ತು ಅಂತ."

ಚಿಕ್ಕಮಾದಮ್ಮ ನಗಲಿಲ್ಲ. ಮಸಿಯ ಡಬ್ಬಿಯನ್ನು ಅವನ ಕಡೆಗೇ ವಾಪಸು ತಳ್ಳಿದಳು.

"ಅಂಗಾರೆ ನಾನೇಳಿದ್ದೇ ಸರಿಯಾಗೈತೆ ಬುಡಿ. ತಿರುಪ್ತಿ ಚವುರ ಅಂತ ಬರ್ಕೊಳಿ. ಅಲ್ಲಿ ಚವುರದೋನು ಒಬ್ಬನ ತಲೆ ಅರ್ಧ ಕೆರೆದು, ಅವನ್ನ ಅಂಗೇ ಕೂರಿಸ್ಬುಟ್ಟು ಇನ್ನೊಬ್ಬನ ತಲೆಗೆ ಓಯ್ತಾನಂತೆ. ಈ ನರ್ಸಮ್ಮನೂ ಅಂಗೇ ಮಾಡವ್ಳೆ. ಕೂಸು ಅರ್ಧ ಬಂದಿತ್ತು, ಬುಟ್ಟೋದ್ಲು. ಒಲ್ಗೆ ಆಕ್ತೀನಿ ಅಂದ್ಲು, ಅದೂ ಇಲ್ಲ. ಬರ್ಕೊಳಿ ಸೋಮಿ, ಬರ್ಕೊಂಡ್ರೆ ಒತ್ತೀನಿ."

ಮಹಬೂಬ್ ಬೀ ಸೆರಗನ್ನು ಬಾಯಿಗೆ ತುರುಕಿಕೊಂಡರೂ ನಗು ಹೊರಗೆ ಬಂದೇ ಬಂತು.

ನರ್ಸಮ್ಮನ ಮುಖ ಕೆಂಪಗಾಯಿತು. "ನಾಲಗೆ ನೋಡು ಹೊಲತಿದು! ಹೊರಗಡೆ ಇದ್ದಾನಲ್ಲ ಇವಳ ಗಂಡ, ಅವನನ್ನ ಕರೀರಿ."

ಮರಿಯಯ್ಯ ತಲೆವಸ್ತ್ರ ಕೈಯಲ್ಲಿ ಹಿಡಿದು ಬಂದ. ಅವನು ಅದೇ ಸಾಹುಕಾರರ ಗದ್ದೆಯ ಆಳು. ಅಂಗಳದಲ್ಲೇ ನಿಂತು ಹಲ್ಲುಗಿಂಜಿದ.

"ಒತ್ತುಬುಡಮ್ಮಿ. ದೊಡ್ಡೋರ ಕೂಡೆ ಯಾಕೆ ನ್ಯಾಯ? ಸಾವುಕಾರ್ರ ಕಿವಿಗೆ ಬಿದ್ರೆ ನಾಳೆಯಿಂದ ಗದ್ದೆಗೆ ಸೇರಿಸಾಕಿಲ್ಲ."

"ಅರಿದಿರೋದು ನಂದು ಕಣಪ್ಪ, ನಿಂದಲ್ಲ. ನಾಳೆ ನಾತ ಒಡುದ್ರೆ ನೀನೇ ಕೊಟ್ಟಿಗೇಲಿ ಮಲಗು ಅಂತೀಯ. ಅನ್ನಾಕಿಲ್ಲ ಅಂತ ಈ ಕೂಸಿನ ಮ್ಯಾಲೆ ಆಣೆ ಇಕ್ಕು, ಈಗಲೇ ಒತ್ತೀನಿ."

ಮರಿಯಯ್ಯ ಅಂಗಳದಲ್ಲೇ ಎರಡು ಹೆಜ್ಜೆ ಹಿಂದಕ್ಕೆ ಸರಿದ.

ಅವನನ್ನು ನೋಡಿ ಅವಳಿಗೆ ಅಳು ಬಂತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. ಕೂಸನ್ನು ಮಹಬೂಬ್ ಬೀಯ ಮಡಿಲಿಗೆ ಹಾಕಿದಳು. "ಒಸಿ ಇಟ್ಕೊ ಬೂಬಮ್ಮ," ಎಂದವಳೇ ಗೋಡೆ ಹಿಡಿದು ಎದ್ದಳು. ತೊಡೆಯ ಸಂದಿಯಲ್ಲಿ ಮೆಣಸಿನಪುಡಿ ಎರಚಿದ ಹಾಗಾಯಿತು. ಹಲ್ಲು ಕಚ್ಚಿಕೊಂಡು ಹೊಸಿಲು ದಾಟಿ ಒಳಗೆ ನಡೆದಳು. ಮಂಚಗಳ ಮೇಲಿದ್ದ ಹೆಂಗಸರು ಅಯ್ಯಯ್ಯೋ ಎಂದು ಹೊದಿಕೆಗಳನ್ನು ಎಳೆದುಕೊಂಡರು. ಅವಳು ನೆಟ್ಟಗೆ ಹೆರಿಗೆ ಕೋಣೆಗೆ ಹೋಗಿ, ಒಂದು ಮಂಡಿ ಊರಿ, ಇನ್ನೊಂದು ಎಳೆದುಕೊಂಡು ಮೇಜಿನ ಮೇಲೆ ಹತ್ತಿದಳು.

"ಇಳಿಯೇ! ಇಳಿಯೇ ಮುಂಡೆ! ಮೇಜನ್ನೆಲ್ಲ ಮೈಲಿಗೆ ಮಾಡ್ಬಿಟ್ಯಲ್ಲೇ!" ನರ್ಸಮ್ಮ ಓಡಿಬಂದು ರಟ್ಟೆ ಹಿಡಿದು ಎಳೆದಳು.

ಚಿಕ್ಕಮಾದಮ್ಮ ಮೇಜಿನ ಎರಡೂ ಕಬ್ಬಿಣದ ಸರಳು ಹಿಡಿದುಕೊಂಡಳು. ನಾಟಿ ಹಾಕಿ ಕಬ್ಬು ಕಡಿದ ಕೈ ಅದು, ಎಳೆದಷ್ಟಕ್ಕೆ ಬಿಡುವಂಥದ್ದಲ್ಲ. "ಇಳಿಯಾಕಿಲ್ಲ. ಒಲ್ಗೆ ಆಕು, ಇಳೀತೀನಿ."

ಹೊರಗೆ ಮೋಟಾರಿನ ಹಾರನ್ ಕೇಳಿಸಿತು. ಪುಟ್ಟಸ್ವಾಮಿ ಪುಸ್ತಕವನ್ನು ಎದೆಗೆ ಅವಚಿಕೊಂಡು ಬಾಗಿಲಿಗೆ ಬಂದವನು, ಹೆರಿಗೆ ಮೇಜಿನ ಮೇಲಿದ್ದವಳನ್ನು ಕಂಡು ಗೋಡೆಗೆ ಮುಖ ಮಾಡಿ ನಿಂತ. "ಡಾಕ್ಟರು ಬಂದ್ರು, ಡಾಕ್ಟರು ಬಂದ್ರು," ಎಂದು ಗೋಡೆಗೇ ಹೇಳಿದ. ನರ್ಸಮ್ಮನ ದನಿ ಒಮ್ಮೆಲೇ ಮೆತ್ತಗಾಯಿತು. ಬಿಳಿಯ ಬಟ್ಟೆಯೊಂದನ್ನು ತಂದು ಅವಳ ಮೇಲೆ ಹೊದಿಸಲು ಹೋದಳು.

"ಕೈ ಮುಗೀತೀನಿ ಕಣೇ ತಾಯಿ. ಅವರು ಹೋದಮೇಲೆ ಹಾಕ್ತೀನಿ. ಈಗ ಇದನ್ನ ಮುಚ್ಕೊ."

ಚಿಕ್ಕಮಾದಮ್ಮ ಬಟ್ಟೆಯನ್ನು ಕಾಲಲ್ಲಿ ಝಾಡಿಸಿ ಒದ್ದಳು.

"ಮುಚ್ಬ್ಯಾಡ. ನಂಗೆ ತಿರುಪ್ತಿ ಆಯ್ತೋ ಇಲ್ವೋ ಅಂತ ಓದಾಕೆ ತಾನೇ ಬತ್ತಾವ್ನೆ ಅವ್ನು? ಓದ್ಲಿ."

ಬೂಟಿನ ಸದ್ದು ಮುಂದಿನ ಮೆಟ್ಟಿಲು ಹತ್ತಿ ಒಳಗೆ ಬಂತು. ಅವಳು ಸೀರೆಯನ್ನು ಮಂಡಿಯ ಮೇಲಕ್ಕೆಳೆದು, ಬಾಗಿಲ ಕಡೆಗೆ ಎರಡೂ ಕಾಲು ಅಗಲಿಸಿ ಮಲಗಿದಳು.