ಬೆನ್ನು ನೋವಿನ ಕುರ್ಚಿ

"ಲೇ ಬೈರಿ, ಅದು ಕುರ್ಚಿ ಕಣೇ, ಸೌದೆ ಹೊರೆ ಅಲ್ಲ. ಗೋಡೆಗೆ ತಗುಲಿ ಗೀರು ಬಿತ್ತೋ, ನಿನ್ನ ಚರ್ಮ ಸುಲಿದು ಅದಕ್ಕೆ ಹೊಲಿಸ್ತೀನಿ."

ಮೇಸ್ತ್ರಿ ವೆಂಕಟಪ್ಪ ಕೆಳಗಿನ ಮೆಟ್ಟಿಲಲ್ಲಿ ನಿಂತು ಕೂಗುತ್ತಿದ್ದ. ಬೈರಮ್ಮ ಒಂದು ಕೈಯಲ್ಲಿ ಸಿಂಬಿ ಸರಿಮಾಡಿಕೊಂಡು, ಇನ್ನೊಂದರಲ್ಲಿ ತಲೆಯ ಮೇಲಿನ ಕುರ್ಚಿ ಹಿಡಿದು ಹತ್ತುತ್ತಲೇ ಇದ್ದಳು. ಗಾಲಿ ಇರುವ, ಗರಗರ ತಿರುಗುವ ಕುರ್ಚಿ. ತಲೆಯ ಮೇಲೂ ಸುಮ್ಮನಿರದೆ ಅತ್ತಿತ್ತ ತಿರುಗಿ ಅವಳ ಕುತ್ತಿಗೆಯನ್ನೂ ಜೊತೆಗೆ ತಿರುಗಿಸುತ್ತಿತ್ತು.

"ನನ್ನ ಚರ್ಮದಾಗೆ ಏನೈತೆ ಸುಲಿಯಾಕೆ," ಎಂದಳು, ಮುಂದೆ ಹತ್ತುತ್ತಿದ್ದ ಅಂಜಿನಮ್ಮನಿಗೆ ಮಾತ್ರ ಕೇಳುವಂತೆ. "ಬೋಳಿಮಗನ ಹೊಟ್ಟೆ ಸುಲಿದ್ರೆ ಎಲ್ಡು ಕುರ್ಚಿಗಾಯ್ತದೆ."

ಅಂಜಿನಮ್ಮ ನಕ್ಕ ರಭಸಕ್ಕೆ ಅವಳ ಕುರ್ಚಿ ಬೀಳುವಂತಾಯಿತು.

ವೈಟ್‌ಫೀಲ್ಡಿನ ಆ ಗಾಜಿನ ಕಟ್ಟಡಕ್ಕೆ ಇಟ್ಟಿಗೆ ಹೊತ್ತವರೂ ಇವರೇ. ಗಾರೆ ಕೆಲಸ ಮುಗಿದ ಮೇಲೆ ಐದನೆಯ ಮಹಡಿಗೆ ಕಂಪ್ಯೂಟರ್ ಕಂಪನಿಯೊಂದು ಬಂತು. ಅದರ ಹಿಂದೆಯೇ ಲಾರಿ ತುಂಬ ಕುರ್ಚಿ ಬಂದವು. ಲಿಫ್ಟು ಆಗಲೇ ಓಡಾಡುತ್ತಿತ್ತು. ಆದರೆ ಕಂಪನಿಯ ಆಫೀಸರ್ ಪಟ್ಟಾಭಿರಾಮ ಬೆಳಿಗ್ಗೆಯೇ ಮೇಸ್ತ್ರಿಯನ್ನು ಕರೆದು ಹೇಳಿದ್ದರು: "ಲಿಫ್ಟ್ ಸ್ಟಾಫಿಗೆ ಮಾತ್ರ. ಒಳಗೆಲ್ಲ ಸ್ಟೀಲು ಕಣ್ರೀ, ಗೀಚಿಬಿಡ್ತಾರೆ. ಆ ಬೆವರಿನ ವಾಸನೆ ಬೇರೆ."

ಅಂಜಿನಮ್ಮನ ಗಂಡ ನೀಲಪ್ಪನಿಗೆ ಬಾಯಿ ಸುಮ್ಮನಿರುತ್ತಿರಲಿಲ್ಲ. ಲಾರಿಯ ಬಳಿ ಆಫೀಸರು ಸಿಕ್ಕಾಗ ಕೇಳಿಯೇಬಿಟ್ಟ. "ಸಾರ್, ಈ ಕುರ್ಚಿಗ್ಯಾಕೆ ಇಷ್ಟೊಂದು ಮರ್ವಾದೆ?"

ಪಟ್ಟಾಭಿರಾಮರಿಗೆ ವಿವರಿಸುವುದೆಂದರೆ ಖುಷಿ. "ದಿನವೆಲ್ಲ ಕಂಪ್ಯೂಟರ್ ಮುಂದೆ ಕೂತ್ರೆ ಬೆನ್ನು, ಕುತ್ತಿಗೆ, ಮಣಿಕಟ್ಟು ಎಲ್ಲಾ ಹಾಳಾಗತ್ತಪ್ಪ. ಇದು ಫಾರಿನ್ ಡಿಸೈನು. ಬೆನ್ನು ಹೇಗಿದ್ಯೋ ಹಾಗೆ ಬಾಗತ್ತೆ. ಮಧ್ಯಾಹ್ನ ಸ್ಟಾಫಿಗೆಲ್ಲ ಹೇಗೆ ಕೂರ್ಬೇಕು ಅಂತ ಹೇಳ್ಕೊಡಕ್ಕೆ ಡಾಕ್ಟರೇ ಬರ್ತಿದಾರೆ."

"ಕೂರಾದ್ನ ಕಲ್ಸಾಕೆ ಡಾಕ್ಟ್ರಾ?"

"ನಿನಗೆ ಅರ್ಥ ಆಗಲ್ಲ ಬಿಡು."

ನೀಲಪ್ಪ ಈ ಸುದ್ದಿಯನ್ನು ಮೆಟ್ಟಿಲ ಮೇಲೆ ಸಿಕ್ಕವರಿಗೆಲ್ಲ ಹಂಚಿದ. ಬೈರಮ್ಮನಿಗೆ ನಂಬಲಾಗಲಿಲ್ಲ. "ಕುಂತ್ರೂ ನೋವು ಬತ್ತದಾ? ಎಂಥಾ ಪುಣ್ಯವಂತ್ರಪ್ಪ" ಎಂದಳು.

ಮಧ್ಯಾಹ್ನದ ಹೊತ್ತಿಗೆ ಅವಳ ಕಾಲು ಸೋತವು. ಮೂರನೆಯ ಮಹಡಿಯಲ್ಲಿ ಕುರ್ಚಿ ಇಳಿಸಿ, ಅತ್ತಿತ್ತ ನೋಡಿ, ಅದರ ಮೇಲೆಯೇ ಕುಳಿತಳು. ಕುಳಿತದ್ದೊಂದೇ ಗೊತ್ತು, ಹಿಂದೆ ಪಟ್ಟಾಭಿರಾಮರ ದನಿ ಕೇಳಿಸಿತು.

"ಏಯ್, ಎದ್ದೇಳು. ಮೇಸ್ತ್ರೀ, ಏನ್ರೀ ಇದು? ಹೊಸಾ ಕುರ್ಚಿ ಮೇಲೆ ಇವಳನ್ನ ಕೂರ್ಸಿದೀರ."

ವೆಂಕಟಪ್ಪ ಓಡಿ ಬಂದು ಅವಳ ರಟ್ಟೆ ಹಿಡಿದು ಎಬ್ಬಿಸಿದ. ಪಟ್ಟಾಭಿರಾಮರು ಕರವಸ್ತ್ರದಿಂದ ಮೂಗು ಮುಚ್ಚಿಕೊಂಡು, ಗುಡಿಸುವವನಿಂದ ಫಿನಾಯಿಲ್ ತರಿಸಿದರು. ಅವಳು ಕುಳಿತಿದ್ದ ಜಾಗವನ್ನು ಒಂದು ಸಲವಲ್ಲ, ಎರಡು ಸಲ ಒರೆಸಿಸಿದರು. ಅದು ಮುಗಿಯುವವರೆಗೂ ಬೈರಮ್ಮ ಪಕ್ಕದಲ್ಲೇ ನಿಂತಿದ್ದಳು. ಒರೆಸಿದ ಮೇಲೆ ಅದೇ ಕುರ್ಚಿಯನ್ನು ಅವಳ ತಲೆಗೇ ಹೊರಿಸಬೇಕಾಗಿತ್ತಲ್ಲ.

"ಎತ್ತೇ ಬಿರ್ರನೆ" ಎಂದ ಮೇಸ್ತ್ರಿ. ಅವಳು ಬಗ್ಗಿದಳು. ಸೊಂಟದಲ್ಲಿ ಏನೋ ಚಳಕ್ ಎಂದಿತು. ಬಗ್ಗಿದವಳು ಬಗ್ಗಿದಂತೆಯೇ ಉಳಿದಳು.

ಪಟ್ಟಾಭಿರಾಮರು ಗಡಿಯಾರ ನೋಡಿಕೊಂಡು, ಡಾಕ್ಟರನ್ನು ಬರಮಾಡಿಕೊಳ್ಳಲು ಕೆಳಗೆ ಹೋದರು.

"ನಾಟಕ ಆಡ್ಬೇಡ" ಎಂದ ವೆಂಕಟಪ್ಪ. "ಆಗಲ್ಲ ಅಂದ್ರೆ ಗೇಟಿನಾಚೆ ಹೋಗಿ ಬಿದ್ಕೋ. ನಾಳೆಯಿಂದ ಈ ಕಡೆ ತಲೆ ಹಾಕ್ಬೇಡ. ಆಳುಗಳಿಗೇನು ಬರವಾ?" ಎಂದು ಅವನೂ ಇಳಿದು ಹೋದ.

ಗೇಟಿನಾಚೆ ಹೋಗಬೇಕೆಂದರೂ ಮೆಟ್ಟಿಲು ಇಳಿಯಬೇಕು. ಬೈರಮ್ಮನಿಗೆ ಒಂದು ಹೆಜ್ಜೆಯೂ ಆಗಲಿಲ್ಲ. ಕಣ್ಣಲ್ಲಿ ನೀರು ಬರುತ್ತಿದ್ದರೂ ಬೈಗುಳ ಮಾತ್ರ ನಿಂತಿರಲಿಲ್ಲ. ಹಿಂದೆಯೇ ಹತ್ತಿ ಬಂದ ಅಂಜಿನಮ್ಮ, ನೀಲಪ್ಪ ತಮ್ಮ ಕುರ್ಚಿ ಕೆಳಗಿಟ್ಟರು; ಅಂಜಿನಮ್ಮ ಅವಳ ಸೊಂಟ ನೀವಿದಳು. ಆಮೇಲೆ ಒರೆಸಿದ ಕುರ್ಚಿಯನ್ನು ಎಳೆದು, "ಕುಂತ್ಕೊ" ಎಂದಳು.

"ಫಿನಾಯಿಲ್ ಇನ್ನೂ ಆರಿಲ್ಲ ಕಣಮ್ಮಿ."

"ನಿನ್ ಸೀರೆಗೇ ಆರ್ತದೆ, ಕುಂತ್ಕೊ. ಬೆನ್ನು ನೋವಿನ ಡಾಕ್ಟ್ರು ಬತ್ತಾವ್ರೆ. ನಿನಗೂ ಬೆನ್ನು ನೋವು. ಇನ್ನೇನು ಬೇಕು?"

ನೀಲಪ್ಪನೂ ಅಂಜಿನಮ್ಮನೂ ಸೇರಿ ಕುರ್ಚಿಯನ್ನು ಲಿಫ್ಟಿನ ಮುಂದಕ್ಕೆ ತಳ್ಳಿದರು. ಗಾಲಿ ನೆಲದ ಮೇಲೆ ಜಾರಿಕೊಂಡು ಓಡಿತು. ನೀಲಪ್ಪ ಗುಂಡಿ ಒತ್ತಿದ. ಬಾಗಿಲು ತೆರೆದಾಗ ಒಳಗೆ ಪಟ್ಟಾಭಿರಾಮರೂ ಕನ್ನಡಕ ಹಾಕಿದ್ದ ಡಾಕ್ಟರ್ ಹೇಮಲತಾ ಅವರೂ ನಿಂತಿದ್ದರು.

"ಏಯ್, ಎಷ್ಟು ಸಲ ಹೇಳೋದು? ಸ್ಟಾಫಿಗೆ ಮಾತ್ರ."

"ನಾವು ಲಿಫ್ಟು ಅತ್ತಾಕಿಲ್ಲ ಸಾರ್" ಎಂದಳು ಅಂಜಿನಮ್ಮ, ವಿನಯದಿಂದ ಕುರ್ಚಿಯನ್ನು ಒಳಕ್ಕೆ ನೂಕುತ್ತಾ. "ಕುರ್ಚಿ ಅತ್ತುತ್ತೆ. ಇವ್ಳು ಅದ್ರ ಮ್ಯಾಲವ್ಳೆ, ಅಷ್ಟೇಯ."

ಡಾಕ್ಟರ್ ಪಕ್ಕಕ್ಕೆ ಸರಿದು ಜಾಗ ಮಾಡಿದರು. ಪಟ್ಟಾಭಿರಾಮರು ಮೇಲೆ ತಲುಪುವವರೆಗೆ ಉಸಿರು ಬಿಗಿಹಿಡಿದು ನಿಂತರು. ಅಂಜಿನಮ್ಮ, ನೀಲಪ್ಪ ತಮ್ಮ ಕುರ್ಚಿ ಹೊತ್ತು ಮೆಟ್ಟಿಲೇರಿದರು. ದಾರಿಯಲ್ಲಿ ಕುರ್ಚಿ ಹೊತ್ತವರನ್ನೆಲ್ಲ ಕರೆದರು.

ಐದನೆಯ ಮಹಡಿಯ ಹಾಲಿನಲ್ಲಿ ಹುಡುಗ ಹುಡುಗಿಯರು ಕಾಯುತ್ತಿದ್ದರು. ಡಾಕ್ಟರ್ ಬೈರಮ್ಮನ ಕುರ್ಚಿಯನ್ನು ಒಳಕ್ಕೆ ತಳ್ಳಿಕೊಂಡು ಬಂದು, ಮೊದಲು ಅವಳ ಸೊಂಟ ಮುಟ್ಟಿ ನೋಡಿ, "ಇವ್ರು ಏನೂ ಎತ್ತಬಾರ್ದು. ಹೀಗೇ ಭಾರ ಹೊತ್ರೆ ಕಾಲು ಸ್ವಾಧೀನ ತಪ್ಪಬಹುದು. ಅರ್ಥ ಆಯ್ತೇನಮ್ಮ?" ಎಂದರು.

"ನನಗೆ ಆವಾಗ್ಲೇ ಅರ್ಥ ಆಗೈತೆ ಮೇಡಂ. ಆ ಸಾರ್‌ಗೆ ಯೋಳಿ."

ಹಿಂದೆ ನಿಂತಿದ್ದ ಹುಡುಗನೊಬ್ಬ ಕಿಸಕ್ಕೆಂದು ನಕ್ಕ. ಪಟ್ಟಾಭಿರಾಮರು ಕೆಂಪಾದರು. "ಆಯ್ತಲ್ಲ, ತೋರ್ಸಿದ್ದು? ಏಳು ಈಗ. ಕುರ್ಚಿ ಬೇಕು."

ಅಷ್ಟರಲ್ಲಿ ಕೂಲಿಯವರೆಲ್ಲ ಒಳಗೆ ಬಂದಿದ್ದರು. ಅಂಜಿನಮ್ಮ ತಾನು ಹೊತ್ತು ತಂದ ಕುರ್ಚಿಯನ್ನು ಬೈರಮ್ಮನ ಪಕ್ಕಕ್ಕೆ ಎಳೆದುಕೊಂಡು ಕುಳಿತಳು. ನೀಲಪ್ಪ ಕುಳಿತು ಒಂದು ಸುತ್ತು ತಿರುಗಿದ. ನೋಡುತ್ತಿದ್ದಂತೆ ಉಳಿದವರೂ ಕುಳಿತರು. ಸಿಮೆಂಟು ಮೆತ್ತಿದ ಪಾದಗಳು ಸಾಲಾಗಿ ಕಾಣುತ್ತಿದ್ದವು. ಸ್ಟಾಫೆಲ್ಲ ಗೋಡೆಗೆ ಒರಗಿ ನಿಂತಿದ್ದರು.

ಮೆಟ್ಟಿಲು ಹತ್ತಿದ ಏದುಸಿರಿನಲ್ಲೇ ವೆಂಕಟಪ್ಪ ಬಾಗಿಲಿಗೆ ಬಂದ. "ಏಳ್ರೋ ಮುಂಡೇವಾ. ಒಬ್ಬೊಬ್ರೂ ನಾಳೆಯಿಂದ ಬರಂಗಿಲ್ಲ."

"ನಾಳೆ ಬರಾಕಿಲ್ಲ" ಎಂದಳು ಅಂಜಿನಮ್ಮ. "ಇವತ್ತು ಏಳಾಕಿಲ್ಲ. ಕೆಳಗೆ ಇನ್ನೂ ಕುರ್ಚಿ ಅವೆ. ಬೇಕಾದೋರು ಓಗಿ ಒತ್ಕಂಡು ಬರ್ಲಿ."

ವೆಂಕಟಪ್ಪ ಬೈರಮ್ಮನ ರಟ್ಟೆಗೆ ಕೈ ಹಾಕಿದ. ನೀಲಪ್ಪ ಅವಳ ಕುರ್ಚಿಯನ್ನು ಕಾಲಿನಿಂದ ಮೆಲ್ಲಗೆ ಒದ್ದ. ಅದು ಜಾರಿಕೊಂಡು ಹೋಗಿ ಡಾಕ್ಟರ ಮುಂದೆ ನಿಂತಿತು. ಮೇಸ್ತ್ರಿಯ ಕೈ ಗಾಳಿಯಲ್ಲೇ ಉಳಿಯಿತು. ಪಟ್ಟಾಭಿರಾಮರು ಸೆಕ್ಯೂರಿಟಿಗೆ ಫೋನ್ ಮಾಡಲು ಓಡಿದರು.

ಬೈರಮ್ಮ ನೋವಿಗೆ ಹಲ್ಲು ಕಚ್ಚಿ, ನಿಧಾನವಾಗಿ ಹಿಂದಕ್ಕೆ ಒರಗಿದಳು. ಕುರ್ಚಿ ಅವಳ ಡೊಂಕು ಬೆನ್ನಿಗೆ ತಕ್ಕಂತೆ ಬಾಗಿತು.

"ಮೇಡಂ, ಶುರು ಮಾಡಿ" ಎಂದಳು. "ಕುಂತಾಯ್ತು. ಮುಂದ್ಕೆ ಏನ್ ಮಾಡ್ಬೇಕು?"