ಬಾತ್‌ರೂಮಿನ ಚಿಲಕ

"ಬಾತ್‌ರೂಮಿನ ವಿಷಯ ಬರೀತೀಯಲ್ಲ, ನಾಚಿಕೆ ಆಗಲ್ವೇನೆ ನಿಂಗೆ? ಬಿಟ್ಟಿ ಊಟ, ಬಿಟ್ಟಿ ರೂಮು, ಮೇಲೆ ಸ್ಕಾಲರ್‌ಶಿಪ್ಪು. ತಿಂದು ಕೊಬ್ಬಿದ್ರೆ ಹೀಗೇ ಆಗೋದು."

ಡೈರೆಕ್ಟರ್ ಗೌರೀಶಂಕರ ಅವರು ಇದನ್ನು ತಮ್ಮ ಕೋಣೆಗೆ ಕರೆಸಿ ಹೇಳಲಿಲ್ಲ. ಹಾಸನದ ಹೊರಗಿರುವ ನಮ್ಮ ಸ್ನಾತಕೋತ್ತರ ಕೇಂದ್ರದ ಮೆಟ್ಟಿಲ ಹತ್ತಿರ, ಗೋಡೆ ಪತ್ರಿಕೆಯ ಗಾಜಿನ ಬೋರ್ಡಿನ ಮುಂದೆ, ಗಂಡುಹುಡುಗರೆಲ್ಲ ನಿಂತು ನೋಡುತ್ತಿರುವಾಗ ಹೇಳಿದರು. ನನ್ನ ರೂಮಿನವಳು ಅನುಶ್ರೀ ತಲೆ ತಗ್ಗಿಸಲಿಲ್ಲ. ಅವರಿಗೆ ಹೆಚ್ಚು ಉರಿದದ್ದು ಅದೇ.

"ಅದ್ರಲ್ಲಿ ಸುಳ್ಳು ಯಾವ್ದು ಸಾರ್?" ಎಂದಳು.

"ಸುಳ್ಳೋ ನಿಜವೋ ಆಮೇಲೆ. ಬರೆಯೋಕೆ ಪರ್ಮಿಷನ್ ಯಾರು ಕೊಟ್ರು?"

ಹೋದ ತಿಂಗಳು ಇದೇ ಕಟ್ಟಡದಲ್ಲಿ ಅಭಿವ್ಯಕ್ತಿ ಸ್ವಾತಂತ್ರ್ಯದ ಮೇಲೆ ವಿಚಾರ ಸಂಕಿರಣ ನಡೆದಿತ್ತು. ಹಾಸ್ಟೆಲಿನ ಹುಡುಗಿಯರೆಲ್ಲ ಸೀರೆ ಉಟ್ಟು ಅತಿಥಿಗಳಿಗೆ ಮಜ್ಜಿಗೆ ಹಂಚಿದ್ದೆವು. ಸ್ವಾತಂತ್ರ್ಯ ಅಂದರೆ ಮಜ್ಜಿಗೆ ಹಂಚುವುದು ಅಂತಲೇ ತಿಳಿದುಕೊಂಡಿದ್ದರೆ ನಮಗೆ ಈ ಗತಿ ಬರುತ್ತಿರಲಿಲ್ಲ.

ಅನುಶ್ರೀ ಬರೆದದ್ದು ಒಂದೇ ಹಾಳೆ. ನಮ್ಮ ಬಾತ್‌ರೂಮುಗಳ ಬಾಗಿಲಿಗೆ ಚಿಲಕ ಇಲ್ಲ. ಒಬ್ಬಳು ಸ್ನಾನ ಮಾಡುವಾಗ ಇನ್ನೊಬ್ಬಳು ಹೊರಗೆ ಬಾಗಿಲು ಹಿಡಿದು ನಿಲ್ಲಬೇಕು. ಅರ್ಜಿ ಕೊಟ್ಟರೆ ಗ್ರಾಂಟ್ ಇಲ್ಲ ಅನ್ನುತ್ತಾರೆ. ಒಂದು ದಿನ ಬಾಗಿಲು ಹಿಡಿಯುವವರು ಯಾರೂ ಇಲ್ಲದಾಗ, ಮೋಟರ್ ನೋಡಲು ಬಂದ ಗಂಡಸೊಬ್ಬ ಬಾಗಿಲು ನೂಕಿದ. ಒಳಗೆ ಹುಡುಗಿ ಇದ್ದಳು. ಸಾರಿ ಅಂದ, ಆದರೆ ಹೋಗಲಿಲ್ಲ, ನೋಡುತ್ತ ನಿಂತ. 'ಈ ಗೋಡೆ ಪತ್ರಿಕೆಗೆ ಚಿಲಕವೂ ಇದೆ, ಬೀಗವೂ ಇದೆ. ನಮಗಿಂತ ಹಾಳೆಗಳ ಮಾನ ದೊಡ್ಡದೇ?' ಎಂದು ಮುಗಿಸಿದ್ದಳು. ಬೀಗದ ಕೈ ಇಟ್ಟುಕೊಂಡಿರುವ ಸೂಪರಿಂಟೆಂಡೆಂಟ್ ಪಂಚಾಕ್ಷರಯ್ಯನವರು ಯಾವುದೋ ಕವಿತೆ ಇರಬೇಕೆಂದು, ಓದದೆ ಅಂಟಿಸಲು ಬಿಟ್ಟಿದ್ದರು.

ಹುಡುಗಿಯ ಹೆಸರು ಬರೆದಿರಲಿಲ್ಲ, ಗಂಡಸಿನದೂ ಇಲ್ಲ. ಆದರೆ ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಕಸ, ನೀರು ನೋಡಿಕೊಳ್ಳುವ ಕಂಟ್ರಾಕ್ಟರನ ಸೂಪರ್‌ವೈಸರ್ ಶಶಿಕುಮಾರ್ ಎಲ್ಲರಿಗಿಂತ ಮೊದಲು ಡೈರೆಕ್ಟರ್ ಹತ್ತಿರ ಓಡಿದ್ದ. ಈಗಲೂ ಅವರ ಪಕ್ಕದಲ್ಲೇ ಕೈ ಕಟ್ಟಿ ನಿಂತಿದ್ದ.

"ಇವಳಮ್ಮನ್ನ ಕರೀರಿ," ಎಂದರು ಡೈರೆಕ್ಟರ್.

ಅನುಶ್ರೀಯ ಅವ್ವ ಬೆಟ್ಟಮ್ಮ ನಮ್ಮಲ್ಲೇ ಕಸ ಗುಡಿಸುವವಳು, ಕಂಟ್ರಾಕ್ಟಿನ ಮೇಲೆ. ದುದ್ದದಾಚೆಯ ಕಾಲೋನಿಯಿಂದ ದಿನಾ ಬಸ್ಸಿಗೆ ಬರುತ್ತಾಳೆ. ಅವಳನ್ನು ಇಟ್ಟುಕೊಳ್ಳುವುದೂ ಬಿಡುವುದೂ ಶಶಿಕುಮಾರನ ಕೈಯಲ್ಲಿ. ಪೊರಕೆ ಹಿಡಿದೇ ಓಡಿಬಂದಳು. ಪಂಚಾಕ್ಷರಯ್ಯ ಬೋರ್ಡಿನ ಬೀಗ ತೆಗೆದು ಅವಳ ಕೈಗೆ ಒಂದು ಕಬ್ಬಿಣದ ಪಟ್ಟಿ ಕೊಟ್ಟರು.

"ನಿನ್ ಮಗಳ ಹೇಸಿಗೇನ ನೀನೇ ಕೆರಿ," ಎಂದರು ಡೈರೆಕ್ಟರ್.

ಬೆಟ್ಟಮ್ಮ ಮಗಳ ಕಡೆ ತಿರುಗಿದಳು. "ಮುಂಡೇದೆ, ಓದು ಅಂತ ಕಳ್ಸುದ್ರೆ ಗ್ವಾಡೆ ಮ್ಯಾಲೆ ಬರ್ಯಾಕೆ ಕಲ್ತ್ಯಾ? ನನ್ ಅನ್ನುಕ್ ಕಲ್ಲಾಕ್ಬ್ಯಾಡ ಕಣೆ."

ಅವಳಿಗೆ ಓದು ಬಾರದು. ಏನು ಕೆರೆಯುತ್ತಿದ್ದೇನೆ ಎಂದು ಗೊತ್ತಿಲ್ಲದೆ ಕೆರೆದಳು. ಹಾಳೆ ಚೂರುಚೂರಾಗಿ ಕೆಳಗೆ ಬಿತ್ತು. ಪಟ್ಟಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಅದನ್ನೂ ಅವಳೇ ಗುಡಿಸಿದಳು.

"ನಾಳೆ ಬೆಳಿಗ್ಗೆ ಇದೇ ಜಾಗದಲ್ಲಿ, ಬರೆದದ್ದೆಲ್ಲ ಸುಳ್ಳು ಅಂತ ನಿನ್ನ ಕ್ಷಮಾಪಣೆ ಇರಬೇಕು. ಇಲ್ದಿದ್ರೆ ಪರೀಕ್ಷೆಗೆ ಹಾಲ್ ಟಿಕೆಟ್ ಇಲ್ಲ." ಡೈರೆಕ್ಟರ್ ಹೋದರು. ಖಾಲಿ ಬೋರ್ಡಿಗೆ ಬೀಗ ಯಾಕೆಂದು ಪಂಚಾಕ್ಷರಯ್ಯ ಅದನ್ನು ಜೇಬಿಗೆ ಹಾಕಿಕೊಂಡರು. ಚಿಲಕ ಮಾತ್ರ ಉಳಿಯಿತು.

ಸಂಜೆ ಅನುಶ್ರೀ ಸ್ನಾನಕ್ಕೆ ಹೋದಳು, ನಾನು ಬಾಗಿಲು ಹಿಡಿದು ನಿಂತೆ. ಬೆಟ್ಟಮ್ಮ ಬಕೆಟ್ಟು ಎತ್ತಿಕೊಂಡು ಬಂದಳು.

"ಮೇಘಾ, ಅಂತಾದ್ದೇನ್ ಬರ್ದಿದ್ಲವ್ವ ಅವ್ಳು? ಚಿಲ್ಕ ಇಲ್ಲ ಅಂದುದ್ಕೆ ಇಂಗ್ ಕುಣುದ್ರಾ?"

ಹೇಳಬಾರದು ಎಂದು ಅನುಶ್ರೀ ನನ್ನಿಂದ ಆಣೆ ಹಾಕಿಸಿಕೊಂಡಿದ್ದಳು. ಅವ್ವನ ಕೆಲಸ ಹೋಗುತ್ತದೆ ಎಂಬ ಹೆದರಿಕೆ ಅವಳಿಗೆ. ನಾನು ಅರಕಲಗೂಡಿನ ಕಡೆ ಹೊಗೆಸೊಪ್ಪು ಪೋಣಿಸುವ ಕೂಲಿಯ ಮಗಳು, ಆ ಹೆದರಿಕೆ ನನಗೂ ಗೊತ್ತು. ಆದರೂ ಹಾಳೆಯಲ್ಲಿದ್ದದ್ದನ್ನೆಲ್ಲ ಹೇಳಿಬಿಟ್ಟೆ.

"ಬಾಗ್ಲು ನೂಕ್ದೋನು ಯಾವನು?"

"ಶಶಿಕುಮಾರ್."

"ಒಳಗಿದ್ದೋಳು?"

ನಾನು ಬಾಗಿಲನ್ನು ಇನ್ನೂ ಬಿಗಿಯಾಗಿ ಎಳೆದು ಹಿಡಿದೆ. ಒಳಗೆ ಮಗ್ಗಿನ ಸದ್ದು ನಿಂತುಹೋಯಿತು.

ಬೆಟ್ಟಮ್ಮ ಬಾಗಿಲನ್ನೇ ನೋಡುತ್ತ ನಿಂತಳು. "ಅದ್ನ ನನ್ ಕೈಲೇ ಕೆರ್ಸುದ್ರಲ್ಲಾ ಸೂಳೆಮಕ್ಳು," ಎಂದಳು. ಗಟ್ಟಿಯಾಗಿಯೂ ಹೇಳಲಿಲ್ಲ. ಬಕೆಟ್ಟು ಅಲ್ಲೇ ಬಿಟ್ಟು, ಸೊಂಟದಲ್ಲಿದ್ದ ಕಬ್ಬಿಣದ ಪಟ್ಟಿ ತಡವಿಕೊಂಡು ಮೆಟ್ಟಿಲಿಳಿದಳು.

ಬೆಳಿಗ್ಗೆ ಕ್ಷಮಾಪಣೆ ನೋಡಲು ಡೈರೆಕ್ಟರ್ ಶಶಿಕುಮಾರನನ್ನೂ ಕರೆದುಕೊಂಡೇ ಬಂದರು. ಬೋರ್ಡಿನ ಗಾಜಿನ ಬಾಗಿಲು ಬಾಯಿ ತೆರೆದುಕೊಂಡಿತ್ತು. ಚಿಲಕವಿದ್ದ ಜಾಗದಲ್ಲಿ ಸ್ಕ್ರೂ ಕಿತ್ತ ತೂತುಗಳು. ಒಳಗೆ ಅದೇ ಬರಹ, ಇನ್ನೂ ದಪ್ಪ ಅಕ್ಷರದಲ್ಲಿ. ಕೊನೆಗೆ ಹೊಸದಾಗಿ ಸೇರಿಸಿದ್ದಳು: 'ಆ ಹುಡುಗಿ ನಾನು. ಬಾಗಿಲು ನೂಕಿದವನು ಶಶಿಕುಮಾರ್. ಇಂತಿ, ಅನುಶ್ರೀ.'

ಶಶಿಕುಮಾರನ ಮುಖ ಇಂಗು ತಿಂದ ಮಂಗನಂತಾಯಿತು. ಡೈರೆಕ್ಟರ್ ಅನುಶ್ರೀಯನ್ನು ಬಿಟ್ಟು ಮೊದಲು ಕೇಳಿದ್ದು ಚಿಲಕದ ಬಗ್ಗೆ. "ಯಾರು ಕಿತ್ತಿದ್ದು ಇದನ್ನ? ಇದು ಸರ್ಕಾರದ ಆಸ್ತಿ."

"ನಾನೇ ಸಾ," ಎಂದಳು ಬೆಟ್ಟಮ್ಮ, ಗುಡಿಸುವುದನ್ನು ನಿಲ್ಲಿಸದೆ. "ಚಿಲ್ಕಕ್ಕೆ ಗ್ರಾಂಟ್ ಇಲ್ಲ ಅಂದ್ರಂತಲ್ಲ. ಇದಿಲ್ಲಿ ದಂಡುಕ್ ಬಿದ್ದಿತ್ತು. ಎಣ್ಮಕ್ಳ ಬಾತ್‌ರೂಮ್ಗಾಕ್ದೆ."

"ಕೊಬ್ಬು ನೋಡು. ಕೆರಿ ಆ ಹಾಳೇನ."

ಬೆಟ್ಟಮ್ಮ ಸೊಂಟದಿಂದ ಪಟ್ಟಿ ತೆಗೆದು ಅವರ ಬೂಟಿನ ಮುಂದೆ ಇಟ್ಟಳು. "ನೀವೇ ಕೆರ್ಕಳಿ ಸಾ. ಇಲ್ಲ, ಇವ್ನ್ ಕೈಲಿ ಕೆರ್ಸಿ."

"ನಾಳೆಯಿಂದ ಕೆಲ್ಸಕ್ ಬರ್ಬ್ಯಾಡ ನೀನು," ಎಂದ ಶಶಿಕುಮಾರ್.

"ನಾಳೆ ಮಾತ್ ನಾಳಿಗ್ ಕಣ್ಲಾ. ಇವತ್ತಿನ್ ಕಸ ಅದೆ, ಜಾಗ ಬುಡು." ಅವನ ಕಾಲಿಗೆ ತಾಗುವ ಹಾಗೆ ಪೊರಕೆ ಆಡಿಸಿದಳು. ಅವನು ಹಿಂದಕ್ಕೆ ಸರಿದ.

ಪಟ್ಟಿಗೆ ಯಾರೂ ಬಗ್ಗಲಿಲ್ಲ. ಪಂಚಾಕ್ಷರಯ್ಯ ಸೂರು ನೋಡುತ್ತಿದ್ದರು. ಎಲ್ಲ ಹೋದಮೇಲೆ ನಾನು ಅದನ್ನು ಎತ್ತಿಕೊಂಡೆ.

ಬೆಟ್ಟಮ್ಮ ಮಾರನೆಯ ದಿನ ಬಂದಳು, ಗೇಟಿನಲ್ಲೇ ತಡೆದರು. ಹಾಳೆಯನ್ನು ಯಾರೋ ಕಿತ್ತರು, ಅನುಶ್ರೀ ಮತ್ತೆ ಬರೆದಳು, ಮತ್ತೆ ಕಿತ್ತರು. ಪರೀಕ್ಷೆ ಹತ್ತಿರ ಬಂತು, ಅವಳ ಹಾಲ್ ಟಿಕೆಟ್ ಬಂದಿಲ್ಲ. ಅವಳು ಶಶಿಕುಮಾರನ ಮೇಲೆ ಕೊಟ್ಟ ದೂರನ್ನು ವಿಚಾರಿಸಲು ಸಮಿತಿ ಮಾಡಿದ್ದಾರೆ, ಅದರ ಅಧ್ಯಕ್ಷರು ಗೌರೀಶಂಕರ ಅವರೇ. ನಗಬೇಕೋ ಅಳಬೇಕೋ ತಿಳಿಯದು.

ಹಾಸ್ಟೆಲಿನಲ್ಲಿ ಬೇರೆ ಬಾಗಿಲುಗಳನ್ನೆಲ್ಲ ಬಿಟ್ಟು, ಚಿಲಕವಿರುವ ಆ ಒಂದು ಬಾತ್‌ರೂಮಿನ ಮುಂದೆ ಹುಡುಗಿಯರು ಬೆಳಗಾದರೆ ಸಾಲು ನಿಲ್ಲುತ್ತಾರೆ. ಇನ್ನುಳಿದವಕ್ಕೆ ಎಲ್ಲಿಂದ ತರುವುದು ಎಂದು ನಿನ್ನೆ ಸಾಲಿನಲ್ಲಿ ಯಾರೋ ಒಬ್ಬಳು ಕೇಳಿದಳು.

ಕಬ್ಬಿಣದ ಪಟ್ಟಿ ನನ್ನ ಹಾಸಿಗೆಯ ಕೆಳಗಿದೆ. ಡೈರೆಕ್ಟರ್ ಕೋಣೆಯ ಬಾಗಿಲಿಗೆ ಮೇಲೊಂದು, ಕೆಳಗೊಂದು, ಎರಡು ಚಿಲಕಗಳಿವೆ.